ಟ್ವೀಟರ್ ಕೂರಿಸೋ ಜಾಗ: ಪಿಲ್ಲರ್, ಮಿರರ್ ತ್ರಿಕೋನ, ಡ್ಯಾಶ್, ಇಲ್ಲಾ ಬಾಗಿಲು?

ಹೊಸರಾಗ

ಕಾರಿಗೆ ಆರೂವರೆ ಇಂಚಿನ ಕಾಂಪೊನೆಂಟ್ ಸೆಟ್ (ಮೇಲಿನ ಸ್ವರಕ್ಕೆ ಟ್ವೀಟರ್, ಅದರ ಕೆಳಗಿನದಕ್ಕೆ ಮಿಡ್‌ಬಾಸ್, ಹೀಗೆ ಬೇರೆ ಬೇರೆ ಸ್ಪೀಕರ್) ಹಾಕೋದಿದೆ. ಮಿಡ್‌ಬಾಸ್ ಬಾಗಿಲ ಕೆಳಗೆ ಹಳೇ ಸ್ಪೀಕರ್ ಇದ್ದಲ್ಲೇ ಕೂರುತ್ತೆ, ಅದರಲ್ಲಿ ಗೊಂದಲ ಇಲ್ಲ. ಟ್ವೀಟರ್ 25 ಮಿ.ಮೀ. ಸಿಲ್ಕ್ ಡೋಮ್, 4 ಓಮ್. ಜೊತೆಗೆ ಬಂದಿರೋ ಪ್ಯಾಸಿವ್ ಕ್ರಾಸ್‌ಓವರ್ (ಸ್ವರಗಳನ್ನ ಎರಡು ಸ್ಪೀಕರ್‌ಗೆ ಹಂಚೋ ಸರ್ಕ್ಯೂಟ್) 3 ಕಿಲೋಹರ್ಟ್ಸ್‌ನಲ್ಲಿ, ಆಕ್ಟೇವ್‌ಗೆ 12 ಡಿಬಿ ಇಳಿಜಾರಿನದು. ಡಿಎಸ್‌ಪಿ (ಪ್ರತಿ ಸ್ಪೀಕರ್‌ನ ವಿಳಂಬ, ಮಟ್ಟ ಬೇರೆ ಬೇರೆ ಹೊಂದಿಸೋ ಡಿಜಿಟಲ್ ಸಾಧನ) ಸದ್ಯಕ್ಕಿಲ್ಲ, ಮುಂದೆ ಹಾಕಬಹುದು.

ಕಣ್ಣಿಗೆ ಬಿದ್ದಿರೋ ಜಾಗ ನಾಲ್ಕು: ಡ್ಯಾಶ್ ಮೂಲೆ (ಕಂಪನಿ ಟ್ವೀಟರ್ ಗಾಜಿನ ಕಡೆ ಮುಖ ಮಾಡಿ ಕೂತಿರೋದು ಅಲ್ಲೇ), ಎ-ಪಿಲ್ಲರ್ (ಮುಂದಿನ ಗಾಜಿನ ಪಕ್ಕದ ಕಂಬ), ಸೈಡ್ ಮಿರರ್ ಒಳಗಿನ ಪ್ಲಾಸ್ಟಿಕ್ ತ್ರಿಕೋನ, ಬಾಗಿಲಿನ ಒಳ ಹ್ಯಾಂಡಲ್ ಪಕ್ಕ. ಪಿಲ್ಲರ್ ಟ್ರಿಮ್ ಮೇಲೆ ‘ಎಸ್‌ಆರ್‌ಎಸ್ ಏರ್‌ಬ್ಯಾಗ್’ ಅಂತ ಅಚ್ಚಿದೆ. ಒಂದ್ಸಲ ತೂತು ಕೊರೆದರೆ ಮುಚ್ಚೋಕಾಗಲ್ಲ, ಅದಕ್ಕೇ ಕೊರೆಯೋಕೆ ಮುಂಚೆ ಕೇಳ್ತಿದೀನಿ. ಯಾವ ಜಾಗ, ಮತ್ತೆ ಯಾಕೆ?

ತಂತಿಜಾಡು

ಬೇರೆ ಏನೇ ಮಾತಾಡೋಕೆ ಮುಂಚೆ ಪಿಲ್ಲರ್ ವಿಷಯ ಮುಗಿಸೋಣ. ಆ ಅಚ್ಚು ಇದೆ ಅಂದ್ರೆ ನಿಮ್ಮ ಕಾರಿನಲ್ಲಿ ಕರ್ಟನ್ ಏರ್‌ಬ್ಯಾಗ್ ಇದೆ. ಅದು ಚಾವಣಿ ಅಂಚಿನಲ್ಲಿ ಮಡಚಿಕೊಂಡಿರುತ್ತೆ, ಅದರ ಮುಂದಿನ ತುದಿಯನ್ನ ಎಳೆದು ಹಿಡಿಯೋ ಪಟ್ಟಿ ಪಿಲ್ಲರ್ ಟ್ರಿಮ್ ಹಿಂದೆ ಬೋಲ್ಟ್ ಆಗಿರುತ್ತೆ. ಬ್ಯಾಗ್ ಬಿಚ್ಚಿಕೊಳ್ಳುವಾಗ ಟ್ರಿಮ್‌ನ ಅಂಚು ಎದ್ದು ದಾರಿ ಬಿಡಬೇಕು, ಆದರೆ ಕಿತ್ತು ಹಾರಬಾರದು. ಕ್ಲಿಪ್‌ಗಳನ್ನ ಆ ಲೆಕ್ಕದಲ್ಲೇ ಮಾಡಿರ್ತಾರೆ. ಅದರ ಮೇಲೆ ಫೈಬರ್‌ಗ್ಲಾಸ್ ಹಚ್ಚಿ, ಪಾಡ್ (ಟ್ವೀಟರ್ ಕೂರೋ ಗೂಡು) ಕೂರಿಸಿ, ಬಟ್ಟೆ ಸುತ್ತಿದರೆ ಟ್ರಿಮ್ ಗಟ್ಟಿಯಾಗುತ್ತೆ, ತೂಕ ಜಾಸ್ತಿ ಆಗುತ್ತೆ. ಅಪಘಾತದಲ್ಲಿ ಅದೇ ತುಂಡು ಮುಖಕ್ಕೆ ಬರಬಹುದು, ಇಲ್ಲಾ ಬ್ಯಾಗ್ ಬಿಚ್ಚೋ ದಾರಿಗೆ ಅಡ್ಡ ನಿಲ್ಲಬಹುದು. ಎಷ್ಟೇ ಚೆನ್ನಾಗಿ ಕೇಳಿಸಿದರೂ ಈ ಒಂದು ಕಾರಣಕ್ಕೆ ಪಿಲ್ಲರ್ ಬೇಡ. ಕಂಪನಿಯವರೇ ಪಿಲ್ಲರ್‌ನಲ್ಲಿ ಟ್ವೀಟರ್ ಜಾಗ ಅಚ್ಚು ಹಾಕಿ ಕೊಟ್ಟಿದ್ದರೆ ಮಾತ್ರ, ಅದೇ ಅಳತೆಯದ್ದು ಅದೇ ಜಾಗಕ್ಕೆ ಹಾಕಬಹುದು.

ಏರ್‌ಬ್ಯಾಗ್ ಇಲ್ಲದ ಹಳೇ ಕಾರಿನ ಪಿಲ್ಲರ್ ಆದ್ರೂ ಇನ್ನೊಂದು ಮಿತಿ ಇದೆ: ಪಾಡ್ ಅಡ್ಡ ಬಂದು ತಿರುವಿನಲ್ಲಿ ದಾಟೋ ಜನ ಕಾಣದ ಹಾಗೆ ಆಗಬಾರದು.

ವೈರ್ ಎಳೆಯೋಕೆ ಪಿಲ್ಲರ್ ಟ್ರಿಮ್ ಬಿಚ್ಚಲೇಬೇಕು ಅಂತಾದ್ರೆ ಬ್ಯಾಟರಿ ನೆಗೆಟಿವ್ ತೆಗೆದು, ಕಾರಿನ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಿರಿ. ಹಳದಿ ಕನೆಕ್ಟರ್, ಹಳದಿ ಕೊಳವೆ ಇರೋ ವೈರ್ ಮುಟ್ಟಬೇಡಿ, ಮೀಟರ್ ಕೂಡ ಇಡಬೇಡಿ.

ನಾದಬಿಂದು

ಉಳಿದ ಮೂರನ್ನು ನೋಡೋಣ. ಒಂದು ಅಳತೆ ಟೇಪ್ ತೆಗೆದುಕೊಂಡು, ಸೀಟನ್ನು ದಿನಾ ಓಡಿಸುವ ಸ್ಥಿತಿಯಲ್ಲೇ ಇಟ್ಟು, ಡ್ರೈವರ್ ತಲೆ ಇರುವ ಜಾಗದಿಂದ ಪ್ರತಿ ಜಾಗಕ್ಕೂ ಎರಡೂ ಬದಿಯ ದೂರ ಅಳೆದು ಇಲ್ಲಿ ಹಾಕಿ. ಡ್ರೈವರ್ ಬದಿಗೊಂದು, ಪಕ್ಕದ ಬದಿಗೊಂದು. ಈ ಎರಡು ಅಂಕಿ ಇಲ್ಲದೆ ಯಾರು ಏನು ಹೇಳಿದರೂ ಊಹೆಯೇ.

ಆ ಅಂಕಿ ಏಕೆ ಬೇಕೆಂದರೆ, ಶಬ್ದ ಎಲ್ಲಿಂದ ಬಂತು ಎಂದು ತಿಳಿಯಲು ಕಿವಿಗೆ ಎರಡು ದಾರಿಗಳಿವೆ. ಸುಮಾರು 1.5 ಕಿಲೋಹರ್ಟ್ಸ್‌ಗಿಂತ ಕೆಳಗೆ ಎರಡು ಕಿವಿಗಳಿಗೆ ತಲುಪುವ ಸಮಯದ ವ್ಯತ್ಯಾಸ ಮುಖ್ಯ. ಅದಕ್ಕಿಂತ ಮೇಲೆ ಮಟ್ಟದ ವ್ಯತ್ಯಾಸ, ಅಂದರೆ ಯಾವ ಕಿವಿಗೆ ಎಷ್ಟು ಜೋರು ಎನ್ನುವುದು ಹೆಚ್ಚು ಕೆಲಸ ಮಾಡುತ್ತದೆ. ನಿಮ್ಮ ಟ್ವೀಟರ್ 3 ಕಿಲೋಹರ್ಟ್ಸ್‌ನಿಂದ ಮೇಲೆ ದುಡಿಯುವುದರಿಂದ ಅದಕ್ಕೆ ಮಟ್ಟದ ಸಮತೋಲನವೇ ಮೊದಲು. ಹತ್ತಿರದ ಟ್ವೀಟರ್ ಸಹಜವಾಗಿಯೇ ಜೋರು. ಗಾಯಕರ ಧ್ವನಿ ಡ್ಯಾಶ್ ಮಧ್ಯದಲ್ಲಿ ನಿಲ್ಲದೆ ಡ್ರೈವರ್ ಬದಿಯ ಮಿರರ್‌ಗೆ ಅಂಟಿಕೊಳ್ಳುವುದು ಇದರಿಂದಲೇ.

ಹೊಸರಾಗ

ಅಳೆದೆ. ಹತ್ತಿರ / ದೂರ, ಸೆಂಟಿಮೀಟರಿನಲ್ಲಿ:

ಡ್ಯಾಶ್ ಮೂಲೆ: 85 / 125
ಮಿರರ್ ತ್ರಿಕೋನ: 70 / 118
ಬಾಗಿಲ ಹ್ಯಾಂಡಲ್ ಪಕ್ಕ: 62 / 121
ಮಿಡ್‌ಬಾಸ್ (ಇದು ಬದಲಾಗಲ್ಲ): ಡ್ರೈವರ್ ಬದಿ 100

ಕೋನಮಾಪಕ

ಒಳ್ಳೇ ಅಂಕಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ಅಂದರೆ ಒಂದು ಮಿಲಿಸೆಕೆಂಡಿಗೆ 34.3 ಸೆಂ.ಮೀ. ದೂರದ ವ್ಯತ್ಯಾಸವನ್ನ 34.3ರಿಂದ ಭಾಗಿಸಿದರೆ ಮುಂದೆ ಡಿಎಸ್‌ಪಿಯಲ್ಲಿ ಹತ್ತಿರದ ಟ್ವೀಟರ್‌ಗೆ ಕೊಡಬೇಕಾದ ವಿಳಂಬ ಸಿಗುತ್ತೆ. ಮಟ್ಟದ ವ್ಯತ್ಯಾಸಕ್ಕೆ ದೂರಗಳ ಅನುಪಾತದ ಲಾಗ್ ತಗೊಂಡು 20ರಿಂದ ಗುಣಿಸಿ.

ಡ್ಯಾಶ್: 1.17 ಮಿಲಿಸೆಕೆಂಡ್, 3.3 ಡಿಬಿ.
ತ್ರಿಕೋನ: 1.40 ಮಿಲಿಸೆಕೆಂಡ್, 4.5 ಡಿಬಿ.
ಹ್ಯಾಂಡಲ್ ಪಕ್ಕ: 1.72 ಮಿಲಿಸೆಕೆಂಡ್, 5.8 ಡಿಬಿ.

ಈ ಡಿಬಿ ಲೆಕ್ಕ ಬಯಲಿನದು. ಕಾರಿನ ಒಳಗೆ ಗಾಜಿನ ಪ್ರತಿಫಲನ ಸೇರಿ ವ್ಯತ್ಯಾಸ ಸ್ವಲ್ಪ ಕಮ್ಮಿ ಆಗಬಹುದು. ಆದರೆ ಯಾವುದು ಮೇಲು ಯಾವುದು ಕೆಳಗು ಅನ್ನೋ ಕ್ರಮ ಬದಲಾಗಲ್ಲ. ಹ್ಯಾಂಡಲ್ ಪಕ್ಕದ ಜಾಗ ಇಲ್ಲೇ ಕೈಬಿಡಿ. ಡಿಎಸ್‌ಪಿ ಇಲ್ಲದೆ ಸುಮಾರು 6 ಡಿಬಿ ಓರೆ ಸರಿ ಮಾಡೋದು ಕಷ್ಟ. ಜೊತೆಗೆ ಕೈ ತೊಡೆ ಮೇಲಿಟ್ಟರೆ, ಸ್ಟೇರಿಂಗ್ ತಿರುಗಿಸಿದರೆ, ಮೊಣಕೈ ಅಡ್ಡ ಬಂದು ಮೇಲಿನ ಸ್ವರ ಅಲ್ಲೇ ಮಾಯ. 10 ಕಿಲೋಹರ್ಟ್ಸ್‌ನ ಅಲೆ 3.4 ಸೆಂ.ಮೀ. ಅಷ್ಟೇ, ಕೈಯನ್ನ ಸುತ್ತಿ ಬರೋ ಶಕ್ತಿ ಅದಕ್ಕಿಲ್ಲ.

ಗಾಜಿನಂಚು

ಹಾಗಾದರೆ ಡ್ಯಾಶ್ ಮೂಲೆಯೇ ಗೆದ್ದಿತಲ್ಲ. ಅಳತೆ ಅದರ ಪರವಾಗಿದೆ, ತೂತು ಕೊರೆಯುವ ಕೆಲಸವಿಲ್ಲ, ಏರ್‌ಬ್ಯಾಗ್ ಚಿಂತೆಯಿಲ್ಲ, ಗ್ರಿಲ್ ಕೂಡ ಸಿದ್ಧವಾಗಿದೆ. ಗಾಜಿಗೆ ಮುಖ ಮಾಡಿದ ಟ್ವೀಟರನ್ನು ಹಳಿಯುವುದು ರೂಢಿಯಾಗಿಬಿಟ್ಟಿದೆ. ವಿಷಯ ಅಷ್ಟು ಸರಳವಲ್ಲ.

ತೊಂದರೆ ಹುಟ್ಟುವುದು ನೇರ ಶಬ್ದವೂ ಪ್ರತಿಫಲಿತ ಶಬ್ದವೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಕಿವಿಗೆ ಬಂದಾಗ. ಪ್ರತಿಫಲಿತ ದಾರಿ 4 ಸೆಂ.ಮೀ. ಉದ್ದವಿದ್ದರೆ 4.3 ಕಿಲೋಹರ್ಟ್ಸ್ ಹತ್ತಿರ ಒಂದು ಹಳ್ಳ, 8.6ರಲ್ಲಿ ಉಬ್ಬು, 12.9ರಲ್ಲಿ ಮತ್ತೆ ಹಳ್ಳ. ದಾರಿಯ ವ್ಯತ್ಯಾಸ 2 ಸೆಂ.ಮೀ.ಗೆ ಇಳಿದರೆ ಮೊದಲ ಹಳ್ಳವೇ 8.6ಕ್ಕೆ ಏರುತ್ತದೆ, ಧ್ವನಿಯ ಮುಖ್ಯ ಭಾಗ ಪಾರಾಗುತ್ತದೆ. ಅದಕ್ಕೇ ಮೂಲೆಗೆ ಒತ್ತಿ, ಗಾಜಿಗೆ ಆದಷ್ಟು ಹತ್ತಿರ ಕೂರಿಸಿದ್ದು ಒಳ್ಳೆಯದು. ಜೊತೆಗೆ ಟ್ವೀಟರ್ ಪೂರ್ತಿ ಗಾಜಿಗೆ ಮುಖ ಮಾಡಿದ್ದರೆ ಅತಿ ಮೇಲಿನ ಸ್ವರ ಕಿವಿಗೆ ನೇರವಾಗಿ ಬರುವುದೇ ಕಡಿಮೆ, ಬರುವುದೆಲ್ಲ ಗಾಜಿನಿಂದಲೇ. ಹಾಗಾಗಿ ಹಳ್ಳಗಳೂ ಆಳವಾಗುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ನಡುವಿನ ಸ್ಥಿತಿ: ಡ್ಯಾಶ್ ಮೇಲೆ ಪಾಡ್ ಅಂಟಿಸಿ, ಅರ್ಧ ಗಾಜಿಗೆ ಅರ್ಧ ಸೀಟಿಗೆ ಓರೆಯಾಗಿ ಇಟ್ಟಿದ್ದು. ಎರಡೂ ದಾರಿ ಸಮಬಲವಾಗಿ ಬಡಿದಾಡುತ್ತವೆ, ಆ ಹಳ್ಳವನ್ನು ಈಕ್ವಲೈಜರ್‌ನಿಂದ ತುಂಬಲು ಬರುವುದಿಲ್ಲ. ಎಷ್ಟು ಹೆಚ್ಚಿಸಿದರೂ ಎರಡೂ ಅಲೆ ಒಟ್ಟಿಗೇ ಹೆಚ್ಚಿ ಮತ್ತೆ ಒಂದನ್ನೊಂದು ಅಳಿಸುತ್ತವೆ.

ನಾದಬಿಂದು

ಗಾಜಿನಂಚು ಅವರ ಲೆಕ್ಕ ಸರಿ. ಆದರೆ ಡ್ಯಾಶ್ ಮೂಲೆಯ ಕೊರತೆಯನ್ನೂ ಹೇಳಬೇಕು. ಗಾಜಿಗೆ ಬಡಿದು ಬಂದ ಶಬ್ದದಲ್ಲಿ ವಾದ್ಯಗಳ ಅಂಚು ಹರಡುತ್ತದೆ. ವೀಣೆಯ ಮೀಟು, ಮೃದಂಗದ ಬಲಗಡೆಯ ‘ಛಾಪು’ ಒಂದು ಬಿಂದುವಿನಿಂದ ಬರುವ ಬದಲು ಗಾಜಿನ ಒಂದು ಪಟ್ಟಿಯಿಂದ ಬಂದಂತೆ ಕೇಳುತ್ತದೆ. ವೇದಿಕೆಯ (ಹಾಡುವವರು ಎದುರಿಗೆ ಕೂತಂತೆ ಕಿವಿಗೆ ತೋರುವ ಜಾಗದ) ಎತ್ತರ ಮತ್ತು ಆಳ ಮಾತ್ರ ಚೆನ್ನಾಗಿರುತ್ತವೆ. ತ್ರಿಕೋನದಲ್ಲಿ ಇದು ತಿರುಗುಮುರುಗು: ಬಿಂದು ಸ್ಪಷ್ಟ, ಅಗಲ ಚೆನ್ನ, ಆದರೆ ಡ್ರೈವರ್ ಬದಿಯ ಟ್ವೀಟರ್ ‘ನಾನಿಲ್ಲಿದ್ದೇನೆ’ ಎಂದು ಕೂಗುತ್ತಿರುತ್ತದೆ.

ಡಿಎಸ್‌ಪಿ ಇಲ್ಲದ ಇಂದಿಗೆ ಡ್ಯಾಶ್, ಡಿಎಸ್‌ಪಿ ಬಂದ ಮೇಲೆ ತ್ರಿಕೋನ, ಎನ್ನುವುದು ನನ್ನ ಅಭಿಪ್ರಾಯ. ಎರಡಕ್ಕೂ ಸಾಲುವಷ್ಟು ವೈರ್ ಈಗಲೇ ಬಿಡಿ.

ಹೊಸರಾಗ

ಟ್ವೀಟರ್ ತಿರುಗಿಸಿ ಸಮ ಮಾಡೋಕೆ ಆಗಲ್ವಾ? ಹತ್ತಿರದ್ದನ್ನ ಪಕ್ಕದ ಸೀಟಿನ ಕಡೆ, ದೂರದ್ದನ್ನ ಡ್ರೈವರ್ ಕಡೆ ಗುರಿ ಇಟ್ಟರೆ?

ಕೋನಮಾಪಕ

ಸ್ವಲ್ಪ ಮಟ್ಟಿಗೆ ಆಗುತ್ತೆ, ಎಲ್ಲಿವರೆಗೆ ಅನ್ನೋದು ಡೋಮ್ ಅಳತೆ ಮೇಲಿದೆ. ಯಾವುದೇ ಸ್ಪೀಕರ್ ತನ್ನ ವ್ಯಾಸಕ್ಕಿಂತ ಉದ್ದದ ಅಲೆಗಳನ್ನ ಅಗಲವಾಗಿ ಹರಡುತ್ತೆ, ಗಿಡ್ಡ ಅಲೆಗಳನ್ನ ಎದುರಿಗೇ ಎಸೆಯುತ್ತೆ. 25 ಮಿ.ಮೀ. ಡೋಮ್‌ಗೆ ಆ ಗಡಿ 13.7 ಕಿಲೋಹರ್ಟ್ಸ್. 45 ಡಿಗ್ರಿ ಓರೆಯಲ್ಲಿ 10ರ ಮೇಲೆ ಇಳಿತ ಚೆನ್ನಾಗಿ ಗೊತ್ತಾಗುತ್ತೆ, ಆದರೆ 3ರಿಂದ 6 ಕಿಲೋಹರ್ಟ್ಸ್‌ನಲ್ಲಿ ಹೆಚ್ಚೇನೂ ಬದಲಾಗಲ್ಲ. ಗಾಯಕರ ಧ್ವನಿಯನ್ನ ಬದಿಗೆಳೆಯೋದು ಅದೇ 3ರಿಂದ 6. ಅಂದ್ರೆ ತಿರುಗಿಸಿದರೆ ತಾಳದ ಝಣ್ ಅನ್ನೋ ಹೊಳಪು ಸಮ ಆಗುತ್ತೆ, ಧ್ವನಿ ಅಲ್ಲೇ ಉಳಿಯುತ್ತೆ.

ಆದ್ರೂ ಗುರಿ ಇಡಿ. ತ್ರಿಕೋನದಲ್ಲಿ ಎರಡೂ ಟ್ವೀಟರ್‌ಗಳ ನೇರ ರೇಖೆ ಎರಡು ಹೆಡ್‌ರೆಸ್ಟ್‌ಗಳ ನಡುವಿನ ಖಾಲಿ ಜಾಗದಲ್ಲಿ ಕೂಡಲಿ. ಒಂದು ದಾರ ಕಟ್ಟಿ ನೋಡಿದರೆ ಸಾಕು. ಆಮೇಲೆ ಕೇಳ್ತಾ 10-15 ಡಿಗ್ರಿ ಆಚೀಚೆ. ಶಬ್ದ ಚುಚ್ಚುತ್ತೆ ಅನ್ನಿಸಿದರೆ ಇನ್ನೂ ಓರೆ, ಮಂಕು ಅನ್ನಿಸಿದರೆ ಸೀಟಿನ ಕಡೆ.

ಇನ್ನು ಉಳಿದ ಮಟ್ಟದ ವ್ಯತ್ಯಾಸಕ್ಕೆ: ನಿಮ್ಮ ಪ್ಯಾಸಿವ್ ಕ್ರಾಸ್‌ಓವರ್ ಬಿಚ್ಚಿ ನೋಡಿ. ಬಹಳಷ್ಟರಲ್ಲಿ ಟ್ವೀಟರ್‌ಗೆ 0 / −3 ಡಿಬಿ ಜಂಪರ್ (ಜಾಗ ಬದಲಿಸಿ ಮಟ್ಟ ಆರಿಸೋ ಸಣ್ಣ ಕೊಂಡಿ) ಇರುತ್ತೆ. ಎರಡೂ ಬದಿಗೆ ಒಂದೇ ಇಡಬೇಕು ಅಂತ ಕಾನೂನಿಲ್ಲ. ಡ್ರೈವರ್ ಬದಿಯದ್ದು −3, ಆಚೆಯದ್ದು 0. ಜಂಪರ್ ಇಲ್ಲ ಅಂದ್ರೆ ಕ್ರಾಸ್‌ಓವರ್ ಆದ ಮೇಲೆ, ಟ್ವೀಟರ್‌ಗೆ ಮುಂಚೆ, 1.2 ಓಮ್ ಸರಣಿಯಲ್ಲಿ, 10 ಓಮ್ ಟ್ವೀಟರ್‌ಗೆ ಸಮಾಂತರವಾಗಿ. ಎರಡೂ 10 ವ್ಯಾಟಿನವು. ಕ್ರಾಸ್‌ಓವರ್‌ಗೆ ಆಗಲೂ 4 ಓಮ್ ಹತ್ತಿರವೇ ಕಾಣುತ್ತೆ, ಕತ್ತರಿಸೋ ಬಿಂದು ಜರುಗಲ್ಲ. ಬರೀ ಸರಣಿ ರೆಸಿಸ್ಟರ್ ಹಾಕಿದರೆ ಜರುಗುತ್ತೆ. ಒಂದು ಬೆಲೆ ತೆರಬೇಕು: ಪಕ್ಕದ ಸೀಟಿನವರಿಗೆ ಇನ್ನೂ ಓರೆಯಾಗಿ ಕೇಳುತ್ತೆ.

ಮಂದ್ರಸ್ಥಾಯಿ

ಯಾರೂ ಮಿಡ್‌ಬಾಸ್ ಕಡೆಯಿಂದ ನೋಡಲಿಲ್ಲ. ಟ್ವೀಟರ್ ಜಾಗ ಅದನ್ನು ಬಿಟ್ಟು ನಿರ್ಧಾರವಾಗುವುದಿಲ್ಲ.

ಆರೂವರೆ ಇಂಚಿನ ಕೋನ್‌ನ ನಿಜವಾದ ವ್ಯಾಸ ಸುಮಾರು 13 ಸೆಂ.ಮೀ. ಮೇಲಿನ ಸೂತ್ರವನ್ನೇ ಹಚ್ಚಿದರೆ 2.6 ಕಿಲೋಹರ್ಟ್ಸ್‌ನಿಂದ ಅದು ಎದುರಿಗಷ್ಟೇ ಎಸೆಯತೊಡಗುತ್ತದೆ. ಬಾಗಿಲಿನಲ್ಲಿ ಅದರ ಎದುರು ಇರುವುದು ಇನ್ನೊಂದು ಕಾಲು, ಕಿವಿಯಲ್ಲ. ಡ್ರೈವರ್ ಕಿವಿ ಅದರ ಅಕ್ಷಕ್ಕೆ 50-60 ಡಿಗ್ರಿ ಓರೆಯಲ್ಲಿದೆ. ಹಾಗಾಗಿ 2ರಿಂದ 3 ಕಿಲೋಹರ್ಟ್ಸ್ ನಡುವೆ ಈಗಾಗಲೇ ಬರಡು. ಟ್ವೀಟರ್ ಕ್ರಾಸ್‌ಓವರ್ 5ಕ್ಕೆ ಏರಿಸಿದರೆ ಆ ಬರಡು ಇನ್ನೂ ಅಗಲವಾಗುತ್ತದೆ, ಮಾತಿನ ವ್ಯಂಜನಗಳೆಲ್ಲ ಮಂಕು. ನಿಮ್ಮ 3 ಸರಿಯಾಗಿದೆ, ಏರಿಸಬೇಡಿ. ಮುಂದೆ ಡಿಎಸ್‌ಪಿ ಬಂದಾಗ ಇಳಿಸಬಹುದೇ ಎಂದರೆ, ಟ್ವೀಟರ್‌ನ ಅನುರಣನ ಆವರ್ತ ನೋಡಿ. ಕಾಗದದಲ್ಲಿ ‘ಎಫ್‌ಎಸ್’ ಎಂದಿರುತ್ತದೆ. ಅದರ ಎರಡರಷ್ಟಕ್ಕಿಂತ ಕೆಳಗೆ ಹೋಗಬೇಡಿ. ಎಫ್‌ಎಸ್ 1200 ಹರ್ಟ್ಸ್ ಇದ್ದರೆ 2.4 ಕಿಲೋಹರ್ಟ್ಸ್, ಅದೂ 24 ಡಿಬಿ ಇಳಿಜಾರಿನಲ್ಲಿ.

ಇನ್ನೊಂದು, ಪೋಲಾರಿಟಿ, ಅಂದರೆ ವೈರ್‌ನ ಪ್ಲಸ್-ಮೈನಸ್ ದಿಕ್ಕು. 12 ಡಿಬಿ ಕ್ರಾಸ್‌ಓವರ್ ಇದ್ದರೆ ಟ್ವೀಟರ್ ವೈರ್ ಉಲ್ಟಾ ಹಾಕಬೇಕೆಂದು ಪುಸ್ತಕದಲ್ಲಿರುತ್ತದೆ. ಅದು ಎರಡೂ ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿ, ಕಿವಿಗೆ ಸಮದೂರದಲ್ಲಿ ಇರುವಾಗಿನ ಮಾತು. ನಿಮ್ಮ ತ್ರಿಕೋನ 70, ಮಿಡ್‌ಬಾಸ್ 100: 30 ಸೆಂ.ಮೀ. ಅಂತರ. 3 ಕಿಲೋಹರ್ಟ್ಸ್‌ನ ಅಲೆ 11.4 ಸೆಂ.ಮೀ., ಅಂದರೆ ಎರಡೂವರೆ ಅಲೆಗಿಂತ ಸ್ವಲ್ಪ ಹೆಚ್ಚು ಜರುಗಿದೆ. ಡ್ಯಾಶ್‌ನಿಂದ 15 ಸೆಂ.ಮೀ., ಒಂದೂಕಾಲು ಅಲೆಯ ಆಸುಪಾಸು. ಜಾಗ ಬದಲಾದರೆ ಪೋಲಾರಿಟಿಯ ಉತ್ತರವೂ ಬದಲಾಗುತ್ತದೆ. ಪುಸ್ತಕ ಬಿಟ್ಟು ಪರೀಕ್ಷೆ ಮಾಡಿ: ಒಂದೇ ಬದಿ ಓಡಿಸಿ, ಪಿಂಕ್ ನಾಯ್ಸ್ (ಎಲ್ಲ ಆವರ್ತಗಳೂ ಸೇರಿದ ಪರೀಕ್ಷೆಯ ಭೋರ್ಗರೆತ) ಹಾಕಿ, ಫೋನ್‌ನ ಆರ್‌ಟಿಎ ಆಪ್ (ಯಾವ ಆವರ್ತ ಎಷ್ಟು ಜೋರು ಎಂದು ತೋರಿಸುವುದು) ಕಿವಿಯ ಜಾಗದಲ್ಲಿಡಿ. ಟ್ವೀಟರ್‌ನ ಎರಡು ತಂತಿ ಅದಲುಬದಲು ಮಾಡಿ 2.5ರಿಂದ 4 ಕಿಲೋಹರ್ಟ್ಸ್ ನಡುವಿನ ಮಟ್ಟ ನೋಡಿ. ಯಾವುದರಲ್ಲಿ ತುಂಬಿದೆಯೋ ಅದೇ ಸರಿ. ಇನ್ನೊಂದು ಬದಿಯನ್ನು ಬೇರೆಯಾಗಿಯೇ ಪರೀಕ್ಷಿಸಿ, ಅಲ್ಲಿನ ಉತ್ತರ ಬೇರೆ ಬರಬಹುದು.

ತಂತಿಜಾಡು

ಪೋಲಾರಿಟಿ ಬದಲಾಯಿಸುವಾಗ ಆಂಪ್ ಆಫ್ ಮಾಡಿ. ಶಬ್ದ ಬರ್ತಿರುವಾಗ ವೈರ್ ತುದಿ ಒಂದಕ್ಕೊಂದು ತಾಗಿದರೆ ಔಟ್‌ಪುಟ್ ಸುಟ್ಟು ಹೋಗಬಹುದು.

ಹೊಸರಾಗ

ಹಾಗಾದ್ರೆ ಎರಡೂ ಜಾಗದಲ್ಲಿ ತಾತ್ಕಾಲಿಕವಾಗಿ ಕೂರಿಸಿ ಕೇಳಿ ನೋಡ್ತೀನಿ. ಅದಕ್ಕೆ ಹೇಗೆ ಅಂಟಿಸೋದು, ಏನು ಕೇಳಬೇಕು?

ನಾದಬಿಂದು

ಫೋಟೋ ಅಂಟಿಸುವ ಮೃದು ಪುಟ್ಟಿ ಇಲ್ಲವೇ ವೆಲ್ಕ್ರೋ ಸಾಕು. ಟ್ವೀಟರ್‌ಗೆ 60-70 ಸೆಂ.ಮೀ. ಹೆಚ್ಚುವರಿ ವೈರ್ ಬಿಡಿ. ಗಾಡಿ ನಿಂತಿರುವಾಗ ಮಾತ್ರ ಪರೀಕ್ಷೆ, ಓಡುವಾಗ ಸಡಿಲ ಟ್ವೀಟರ್ ಡ್ಯಾಶ್ ಮೇಲಿರಬಾರದು. ಈಕ್ವಲೈಜರ್, ಬಾಸ್ ಬೂಸ್ಟ್, ಲೌಡ್‌ನೆಸ್ ಎಲ್ಲ ಆಫ್. ಕಿಟಕಿ ಮುಚ್ಚಿರಲಿ.

ಮೊದಲು ಮೋನೊದಲ್ಲಿ ಒಬ್ಬರೇ ಹಾಡಿದ, ವಾದ್ಯ ಕಡಿಮೆ ಇರುವ ಧ್ವನಿ. ಕಣ್ಣು ಮುಚ್ಚಿ ಧ್ವನಿ ಎಲ್ಲಿದೆ ಎಂದು ಬೆರಳು ತೋರಿಸಿ, ಆಮೇಲೆ ಕಣ್ಣು ತೆರೆಯಿರಿ. ಡ್ಯಾಶ್ ಮಧ್ಯದ ಒಂದು ಅಂಗೈ ಅಗಲದೊಳಗೆ ಬಂದರೆ ಬಹಳ ಒಳ್ಳೆಯದು, ಸ್ಟೇರಿಂಗ್ ಮೇಲೆ ನಿಂತರೂ ಡಿಎಸ್‌ಪಿ ಇಲ್ಲದ ಸಿಸ್ಟಮ್‌ಗೆ ಸಮಾಧಾನ ಪಡಬಹುದು. ಆಮೇಲೆ ‘ಸ’ಕಾರ ಕೇಳಿ. ‘ಸ’, ‘ಶ’ ಮಾತ್ರ ಮಿರರ್ ಕಡೆಯಿಂದ, ಉಳಿದ ಸ್ವರ ಕೆಳಗಿನ ಬಾಗಿಲಿನಿಂದ ಬಂದರೆ ಟ್ವೀಟರ್ ಮಿಡ್‌ಬಾಸ್‌ನಿಂದ ಕಡಿದುಹೋಗಿದೆ ಎಂದರ್ಥ. ಮಟ್ಟ ಇಳಿಸಿ ನೋಡಿ, ಪೋಲಾರಿಟಿ ನೋಡಿ, ಆಮೇಲೆ ಜಾಗ. ಈ ಕ್ರಮ ತಪ್ಪಿಸಬೇಡಿ, ಏಕೆಂದರೆ ಜಾಗದ ದೋಷ ಎಂದು ತೋರುವ ಬಹುಪಾಲು ತೊಂದರೆ ಟ್ವೀಟರ್ ಜೋರಾಗಿರುವುದರಿಂದ ಬಂದದ್ದು.

ಕೊನೆಗೆ ಪಿಂಕ್ ನಾಯ್ಸ್, ಒಂದೊಂದೇ ಬದಿ. ಫೋನನ್ನು ಒಂದೇ ಬಿಂದುವಿನಲ್ಲಿ ಹಿಡಿಯಬೇಡಿ, ತಲೆಯ ಸುತ್ತ ಒಂದಡಿ ಜಾಗದಲ್ಲಿ ನಿಧಾನವಾಗಿ ಆಡಿಸುತ್ತ ಸರಾಸರಿ ತೆಗೆದುಕೊಳ್ಳಿ. ಫೋನ್ ಮೈಕ್‌ನ ನಿಖರತೆ ಹೇಗಿದ್ದರೂ ಎರಡು ಜಾಗ ಹೋಲಿಸಲು ಸಾಕಾಗುತ್ತದೆ.

ತಂತಿಜಾಡು

ಇನ್ನು ಕೂರಿಸೋ ಕೆಲಸ. ಎರಡು ಜಾಗಕ್ಕೂ ವೈರಿಂಗ್ ಬೇರೆ ಬೇರೆ, ಕ್ರಾಸ್‌ಓವರ್ ಎಲ್ಲಿಡೋದು ಅನ್ನೋದೂ ಅದರ ಮೇಲೇ ನಿಲ್ಲುತ್ತೆ.

ಡ್ಯಾಶ್ ಆದರೆ: ಕ್ರಾಸ್‌ಓವರ್ ಡ್ಯಾಶ್ ಕೆಳಗೆ ಇಡಿ. ಮಿಡ್‌ಬಾಸ್ ಔಟ್‌ಪುಟ್ ಬಾಗಿಲಿಗೆ ಹೋಗೋ ಕಂಪನಿ ವೈರ್‌ಗೆ, ಟ್ವೀಟರ್ ಔಟ್‌ಪುಟ್ ನೇರ ಮೇಲಕ್ಕೆ. ಬಾಗಿಲಿನ ರಬ್ಬರ್ ಕೊಳವೆಯಲ್ಲಿ ಹೊಸ ವೈರ್ ತೂರಿಸೋ ಕೆಲಸವೇ ಇಲ್ಲ. ಆದರೆ ಹಳೇ ಟ್ವೀಟರ್ ಸಾಕೆಟ್‌ಗೆ ಹೊಸದನ್ನ ಚುಚ್ಚಿ ಕೈ ತೊಳೆದುಕೊಳ್ಳಬೇಡಿ. ಎಷ್ಟೋ ಕಾರಲ್ಲಿ ಆ ಸಾಕೆಟ್‌ಗೆ ಪೂರ್ತಿ ಸಿಗ್ನಲ್ ಬರುತ್ತೆ, ತಡೆಯೋ ಕೆಪಾಸಿಟರ್ ಹಳೇ ಟ್ವೀಟರ್ ಮೈಮೇಲೇ ಇರುತ್ತೆ. ಕ್ರಾಸ್‌ಓವರ್ ಇಲ್ಲದೆ ಹೊಸ ಡೋಮ್‌ಗೆ ಬಾಸ್ ಹೋದರೆ ಕಾಯಿಲ್ ಬೇಗ ಸುಡುತ್ತೆ. ಹಳೇ ಸಾಕೆಟ್‌ಗೆ ಇನ್ಸುಲೇಷನ್ ಸುತ್ತಿ ಹಾಗೇ ಬಿಡಿ.

ಹಳೇ ಗೂಡಿನಲ್ಲಿ ಹೊಸ ಟ್ವೀಟರ್ ಸುತ್ತ ಸಂದಿ ಉಳಿದರೆ ಫೋಮ್ ಪಟ್ಟಿ ತುಂಬಿ. ಇಲ್ಲದಿದ್ದರೆ ಶಬ್ದ ಡ್ಯಾಶ್ ಒಳಗೆ ಸೋರಿ ಗ್ರಿಲ್ ಗಿಲಗುಟ್ಟುತ್ತೆ. ಗ್ರಿಲ್‌ನ ಪ್ಲಾಸ್ಟಿಕ್ ಕಡ್ಡಿ ದಪ್ಪ ಇದ್ದರೆ, ತೆಗೆದು ಒಮ್ಮೆ, ಹಾಕಿ ಒಮ್ಮೆ ಆರ್‌ಟಿಎ ನೋಡಿ. 8 ಕಿಲೋಹರ್ಟ್ಸ್ ಮೇಲೆ ನುಂಗ್ತಾ ಇದ್ರೆ ಟ್ವೀಟರನ್ನ ಗ್ರಿಲ್‌ಗೆ ಇನ್ನೂ ಹತ್ತಿರ ಎತ್ತಿ.

ತ್ರಿಕೋನ ಆದರೆ: ಅದನ್ನ ಮೊದಲು ಕಳಚಿ ಹಿಂದೆ ನೋಡಿ. ಮಿರರ್ ಬೋಲ್ಟ್, ಮೋಟಾರ್ ವೈರ್ ಅಲ್ಲೇ ಇರ್ತವೆ. ಟ್ವೀಟರ್ ಆಳಕ್ಕಿಂತ 5 ಮಿ.ಮೀ. ಆದ್ರೂ ಜಾಸ್ತಿ ಜಾಗ ಸಿಗಬೇಕು. ಸಿಗದಿದ್ದರೆ ಮೇಲೆ ಕೂರೋ ಓರೆ ಪಾಡ್. ತೂತು ಕೊರೆಯೋಕೆ ಕಪ್‌ನ ಹೊರ ವ್ಯಾಸ ಅಳೆದು ಅದೇ ಅಳತೆಯ ಹೋಲ್ ಸಾ, ಮೇಲೆ ಮಾಸ್ಕಿಂಗ್ ಟೇಪ್, ಡ್ರಿಲ್ ನಿಧಾನಕ್ಕೆ. ವೇಗ ಜಾಸ್ತಿ ಆದರೆ ಪ್ಲಾಸ್ಟಿಕ್ ಕತ್ತರಿಸಲ್ಲ, ಕರಗಿ ಅಂಚು ಉಬ್ಬುತ್ತೆ. ಕಾರಿಗೆ ಹಾಕಿಟ್ಟು ಕೊರೆಯಲೇಬೇಡಿ, ಬಿಚ್ಚಿ ಹಲಗೆ ಮೇಲಿಟ್ಟು ಕೊರೆಯಿರಿ. ಹೊಸ ತ್ರಿಕೋನ ಸ್ಪೇರ್ ಆಗಿ ಸಿಗುತ್ತೆ ಅಂತಾದ್ರೆ ಅದನ್ನೇ ಕೊರೆದು ಹಳೇದನ್ನ ಎತ್ತಿಡಿ.

ಬಾಗಿಲಿನೊಳಗೆ ಮಳೆ ನೀರು ಇಳಿಯುತ್ತೆ. ಕ್ರಾಸ್‌ಓವರ್ ಬಾಗಿಲಿನಲ್ಲೇ ಇಡೋದಾದ್ರೆ ಪ್ಲಾಸ್ಟಿಕ್ ಹಾಳೆಯ ಒಣ ಬದಿಗೆ, ಕಿಟಕಿ ಗಾಜು ಇಳಿಯೋ ದಾರಿ ಬಿಟ್ಟು. ಡ್ಯಾಶ್ ಕೆಳಗಿಟ್ಟರೆ ರಬ್ಬರ್ ಕೊಳವೆಯಲ್ಲಿ ಇನ್ನೊಂದು ಜೋಡಿ ತೂರಿಸಬೇಕು. ಕೆಲವು ಕಾರಲ್ಲಿ ಕೊಳವೆ ಬದಲು ಅಚ್ಚಿನ ಕನೆಕ್ಟರ್ ಇರುತ್ತೆ, ಅಲ್ಲಿ ತೂರಿಸೋಕೆ ಸಂದಿಯೇ ಇರಲ್ಲ. ಇದನ್ನ ಮೊದಲೇ ನೋಡ್ಕೊಳ್ಳಿ, ಎಷ್ಟೋ ಸಲ ಜಾಗದ ನಿರ್ಧಾರ ಆಗೋದೇ ಇಲ್ಲಿ. ಟ್ವೀಟರ್‌ಗೆ 0.75 ಚದರ ಮಿ.ಮೀ. ವೈರ್ ಧಾರಾಳ ಸಾಕು. ಬಟ್ಟೆ ಟೇಪ್ ಸುತ್ತಿ, ಕನೆಕ್ಟರ್‌ಗಳ ಮೇಲೂ ಸುತ್ತಿ.

ಗಾಜಿನಂಚು

ಡ್ಯಾಶ್ ಆರಿಸುವವರಿಗೆ ಒಂದು ಮಾತು ಸೇರಿಸುತ್ತೇನೆ: ಬಿಸಿಲು. ಮುಚ್ಚಿದ ಕಾರು ಬಿಸಿಲಲ್ಲಿ ನಿಂತರೆ ಡ್ಯಾಶ್ ಮೇಲ್ಮೈ ಕೈ ಇಡಲಾರದಷ್ಟು ಕಾಯುತ್ತದೆ. ಸಾಮಾನ್ಯ ದರ್ಜೆಯ ನಿಯೊಡಿಮಿಯಮ್ ಅಯಸ್ಕಾಂತದ ಮಿತಿ 80 ಡಿಗ್ರಿ ಸೆಲ್ಸಿಯಸ್. ಬಿಸಿ ಗೋಂದು ಅದಕ್ಕೆ ಬಹಳ ಮುಂಚೆಯೇ ಮೆತ್ತಗಾಗುತ್ತದೆ, ಅದರಿಂದ ಟ್ವೀಟರ್ ಕೂರಿಸಲೇಬೇಡಿ. ಸ್ಕ್ರೂ, ಬ್ರಾಕೆಟ್, ಇಲ್ಲವೇ ಟ್ವೀಟರ್ ಜೊತೆ ಬಂದ ಸ್ಪ್ರಿಂಗ್ ಕ್ಲಿಪ್. ಗ್ರಿಲ್ ಕೆಳಗೆ ತೆಳು ಕಪ್ಪು ಅಕೌಸ್ಟಿಕ್ ಬಟ್ಟೆ ಹಾಕಿದರೆ ಡೋಮ್‌ಗೆ ನೇರ ಬಿಸಿಲು ತಾಗುವುದಿಲ್ಲ, ಹೊಳೆಯುವ ಲೋಹದ ಉಂಗುರ ಗಾಜಿನಲ್ಲಿ ಪ್ರತಿಬಿಂಬಿಸಿ ಓಡಿಸುವವರ ಕಣ್ಣಿಗೂ ಬರುವುದಿಲ್ಲ.

ಹೊಸರಾಗ

ಬಾಗಿಲಿನ ಕೊಳವೆ ನೋಡಿದೆ, ಅಚ್ಚಿನ ಕನೆಕ್ಟರ್. ಕ್ರಾಸ್‌ಓವರ್‌ನಲ್ಲಿ 0 / −3 ಜಂಪರ್ ಇದೆ. ಹಾಗಾಗಿ ಡ್ಯಾಶ್ ಮೂಲೆ, ಗಾಜಿಗೆ ಒತ್ತಿ, ಕ್ರಾಸ್‌ಓವರ್ ಡ್ಯಾಶ್ ಕೆಳಗೆ, ಡ್ರೈವರ್ ಬದಿ −3. ಇನ್ನೊಂದು ಪ್ರಶ್ನೆ: ಮುಂದೆ ಡಿಎಸ್‌ಪಿ ಹಾಕಿ ಟ್ವೀಟರನ್ನ ನೇರ ಆಂಪ್‌ನಿಂದ ಓಡಿಸುವಾಗ ಈ ಕ್ರಾಸ್‌ಓವರ್ ತೆಗೆದುಬಿಡೋದಾ?

ಮಂದ್ರಸ್ಥಾಯಿ

ತೆಗೆಯಿರಿ, ಆದರೆ ಟ್ವೀಟರ್ ಸರಣಿಯಲ್ಲಿ ಒಂದು 47 ಮೈಕ್ರೋಫ್ಯಾರಡ್ ನಾನ್-ಪೋಲಾರ್ ಕೆಪಾಸಿಟರ್ ಉಳಿಸಿ. 4 ಓಮ್‌ಗೆ ಅದು ಸುಮಾರು 850 ಹರ್ಟ್ಸ್‌ನಲ್ಲಿ ಕತ್ತರಿಸುತ್ತದೆ, 3 ಕಿಲೋಹರ್ಟ್ಸ್‌ನ ನಿಮ್ಮ ಸೆಟ್ಟಿಂಗ್‌ಗೆ ಹೆಚ್ಚು ಅಡ್ಡ ಬರುವುದಿಲ್ಲ. ಆಂಪ್ ಆನ್ ಆಗುವಾಗಿನ ‘ಧಪ್’, ಡಿಎಸ್‌ಪಿಯಲ್ಲಿ ತಪ್ಪು ಚಾನೆಲ್‌ಗೆ ಹೋದ ಬಾಸ್, ಎರಡರಿಂದಲೂ ಡೋಮ್ ಉಳಿಯುತ್ತದೆ. ಮೊದಲ ಸಲ ಟ್ವೀಟರ್ ವೈರ್ ಜೋಡಿಸುವ ಮುಂಚೆ, ಆ ಚಾನೆಲ್‌ಗೆ ಹಳೆಯ ಕಂಪನಿ ಮಿಡ್‌ಬಾಸ್ ಕಟ್ಟಿ ಕೇಳಿ. ಸಣ್ಣಗೆ ಚಿಸ್ ಎನ್ನುವ ಮೇಲಿನ ಸ್ವರ ಮಾತ್ರ ಬಂದರೆ ಫಿಲ್ಟರ್ ಕೆಲಸ ಮಾಡುತ್ತಿದೆ. ಕೋನ್ ಅಲುಗಾಡುವುದು ಕಂಡರೆ ಡಿಎಸ್‌ಪಿಯ ಹೈಪಾಸ್ (ಕೆಳಗಿನ ಸ್ವರ ತಡೆಯುವ ಫಿಲ್ಟರ್) ಸರಿಯಾಗುವವರೆಗೆ ಟ್ವೀಟರ್ ಕಟ್ಟಬೇಡಿ.